ಈ ವಾಕ್ಯ ಯಾರನ್ನು ಕಾಪಾಡ್ತದೆ?

ನಮ್ಮ ಮೇಡಂ ಅವರ ಎಡಗಣ್ಣಿನ ರೆಪ್ಪೆ ಯಾವಾಗಲೂ ಅರ್ಧ ಇಳಿದೇ ಇರುತ್ತಿತ್ತು. ಹುಟ್ಟಿನಿಂದಲೂ ಹಾಗೆಯೇ ಅಂತೆ. ಎದುರಿಗಿದ್ದವರನ್ನು ಪೂರ್ತಿ ನೋಡಬೇಕಾದರೆ ಅವರು ಗದ್ದ ಮೇಲೆತ್ತಿ ತಲೆಯನ್ನು ಒಂದು ಕಡೆಗೆ ವಾಲಿಸಬೇಕಾಗುತ್ತಿತ್ತು. ಹಾಗೆ ನೋಡಿಸಿಕೊಂಡವರಿಗೆಲ್ಲ, ಈ ಹೆಂಗಸು ನನ್ನ ಮಾತು ನಂಬುತ್ತಿಲ್ಲ ಅನ್ನಿಸುತ್ತಿತ್ತು. ಕಣ್ಣಿನ ದೋಷ ಪಾಪ ಎಂದು ಸಮಾಧಾನ ಮಾಡಿಕೊಳ್ಳುವ ಹಾಗೂ ಇರಲಿಲ್ಲ. ಅವರು ನಿಜವಾಗಿಯೂ ನಂಬುತ್ತಿರಲಿಲ್ಲ.

ನಾನು ಅವರ ಕೈಗೆ ಸಿಕ್ಕಿದ್ದು ಎಂ.ಎಸ್ಸಿ. ನರ್ಸಿಂಗ್ ಓದುವಾಗ. ಅದಕ್ಕೂ ಮುಂಚೆ ಸಾಗರದ ಒಂದು ಆಸ್ಪತ್ರೆಯಲ್ಲಿ ಕೆಲವು ವರ್ಷ ಸ್ಟಾಫ್ ನರ್ಸ್ ಆಗಿದ್ದೆ. ಓದು ಮುಗಿದ ಮೇಲೆ ಅಲ್ಲಿಗೇ ವಾಪಸು ಬರಬೇಕು ಎಂಬ ಮಾತಿನ ಮೇಲೆ ರಜೆ ಕೊಟ್ಟಿದ್ದರು. ಕಾಲೇಜು ಅದೇ ಊರಿನ ಅಂಚಿನಲ್ಲಿತ್ತು. ಮೇಡಂ ಅಲ್ಲಿ ಸಂಶೋಧನೆಯ ವಿಷಯ ಕಲಿಸುತ್ತಿದ್ದರು. ನನ್ನ ಪ್ರಬಂಧಕ್ಕೆ ಗೈಡ್ ಕೂಡ ಅವರೇ. ತೀರ್ಥಹಳ್ಳಿ ಹತ್ತಿರದ ಮೇಳಿಗೆಯವರು, ಮದುವೆ ಮಾಡಿಕೊಂಡಿರಲಿಲ್ಲ, ಸಾಗರದಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದರು.

ಹುಡುಗಿಯರು ಬೆನ್ನ ಹಿಂದೆ ಅವರನ್ನು 'ಪೊಲೀಸ್ ಮೇಡಂ' ಅನ್ನುತ್ತಿದ್ದರು. ಯಾರಾದರೂ ಬಿಸ್ಕತ್ತಿನ ಪೊಟ್ಟಣ ಕೊಟ್ಟರೆ ಮೊದಲು ತಿರುವಿ ತಾರೀಖು ಓದುವವರು. ಥರ್ಮಾಮೀಟರ್ ತೋರಿಸಿದರೆ ಸಾಲದು, ಅದನ್ನು ಇಟ್ಟ ಬಗಲು ಮುಟ್ಟಿ ನೋಡಬೇಕು. ಹುಷಾರಿಲ್ಲ ಎಂದು ರಜೆ ಕೇಳಿದವಳ ನಾಲಿಗೆ ಚಾಚಿಸಿ ನೋಡುತ್ತಿದ್ದರು. 'ಸಾಮಾನ್ಯವಾಗಿ' ಎಂದು ಯಾರಾದರೂ ಮಾತು ಶುರು ಮಾಡಿದರೆ ಸಾಕು, "ಯಾರಿಗೆ?" ಎಂದು ನಡುವೆ ಬಾಯಿ ಹಾಕುತ್ತಿದ್ದರು. ಅವರ ಕ್ಲಾಸಿನಲ್ಲಿ ನಾವು ಆ ಪದವನ್ನು ಬಳಸುವುದನ್ನೇ ಬಿಟ್ಟಿದ್ದೆವು.

ಎಂ.ಎಸ್ಸಿ. ಮಾಡುವವರೆಲ್ಲ ಒಂದು ಪ್ರಬಂಧ ಬರೆಯಬೇಕು. ಆ ಪ್ರಬಂಧಕ್ಕೆ ತಳಪಾಯ ಪ್ರಾಬ್ಲಮ್ ಸ್ಟೇಟ್‌ಮೆಂಟ್. ಅಂದರೆ, ಯಾವ ಸಮಸ್ಯೆಯನ್ನು ನಾನು ಹುಡುಕಲು ಹೊರಟಿದ್ದೇನೆ ಎಂದು ಒಂದೆರಡು ವಾಕ್ಯದಲ್ಲಿ ಹೇಳುವುದು. ಕೇಳಲು ಸುಲಭ. ಹಳೆಯ ಪ್ರಬಂಧಗಳನ್ನು ತಿರುವಿ ಹಾಕಿದರೆ ಎಲ್ಲದರಲ್ಲೂ ಒಂದೇ ಅಚ್ಚಿನ ವಾಕ್ಯ ಸಿಗುತ್ತದೆ. ಊರಿನ ಹೆಸರು, ಕಾಯಿಲೆಯ ಹೆಸರು ಬದಲಾಯಿಸಿದರೆ ಮುಗಿಯಿತು. ನಾನೂ ಹಾಗೇ ಮಾಡಿದ್ದೆ. ಹಾಸಿಗೆ ಹಿಡಿದ ರೋಗಿಗಳಿಗೆ ಆಗುವ ಬೆನ್ನಿನ ಹುಣ್ಣು ನನ್ನ ವಿಷಯ. ಇಂಗ್ಲಿಷಿನಲ್ಲಿ ಚೆನ್ನಾಗಿ ಟೈಪ್ ಮಾಡಿಸಿ ತೆಗೆದುಕೊಂಡು ಹೋಗಿ ಅವರ ಮೇಜಿನ ಮೇಲಿಟ್ಟೆ.

ಅವರು ಹಾಳೆಯನ್ನು ಮುಟ್ಟಲಿಲ್ಲ.

"ಕನ್ನಡದಲ್ಲಿ ಹೇಳು," ಅಂದರು.

"ಮೇಡಂ, ಪ್ರಬಂಧ ಇಂಗ್ಲಿಷಲ್ಲೇ ಬರೀಬೇಕಲ್ವಾ?"

"ಬರೆಯುವಾಗ ಬರಿ. ಇಂಗ್ಲಿಷಲ್ಲಿ ಅಡಗಿ ಕೂರಕ್ಕೆ ಜಾಗ ಜಾಸ್ತಿ ಇರ್ತದೆ. ಮೊದ್ಲು ನಿನ್ನ ಅಮ್ಮಂಗೆ ಹೇಳೋ ಹಂಗೆ ಹೇಳು."

ನಾನು ತಡವರಿಸುತ್ತ ಹೇಳಿದೆ. ಮನೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುವವರಿಗೆ ಹಾಸಿಗೆ ಹುಣ್ಣು ತಡೆಯುವುದರ ಬಗ್ಗೆ ಜ್ಞಾನದ ಕೊರತೆ ಇದೆ, ಅವರಿಗೆ ಒಂದು ಬೋಧನಾ ಕಾರ್ಯಕ್ರಮ ಮಾಡಿ ಅದರ ಪರಿಣಾಮ ಅಳೆಯುತ್ತೇನೆ.

"ಇದರಲ್ಲಿ ಹುಣ್ಣು ಯಾರಿಗೆ ಆಗಿದೆ?"

"ರೋಗಿಗೆ."

"ಎಲ್ಲಿದ್ದಾನೆ ಆ ರೋಗಿ? ನಿನ್ನ ವಾಕ್ಯದಲ್ಲಿ ಜ್ಞಾನ ಇದೆ, ಕಾರ್ಯಕ್ರಮ ಇದೆ, ಪರಿಣಾಮ ಇದೆ. ಹುಣ್ಣಾದ ಮನುಷ್ಯನೇ ಇಲ್ವಲ್ಲ ಮಾರಾಯ್ತಿ. ಮನೆಯವರಿಗೆ ಗೊತ್ತಿಲ್ಲ ಅಂತ ನಿಂಗೆ ಯಾರು ಹೇಳಿದ್ದು?"

ಯಾರೂ ಹೇಳಿರಲಿಲ್ಲ. ಎಲ್ಲರೂ ಹಾಗೇ ಬರೆಯುತ್ತಾರೆ, ಅದಕ್ಕೆ ನಾನೂ ಬರೆದಿದ್ದೆ. ಎರಡನೇ ಸಲ ತಿದ್ದಿ ತಂದಾಗಲೂ ವಾಪಸು ಕೊಟ್ಟರು. ಮೂರನೇ ಸಲವೂ ಅಷ್ಟೆ. ಜೊತೆಯವರೆಲ್ಲ ಸಿನಾಪ್ಸಿಸ್ ಎಂಬ ರೂಪುರೇಷೆ ಒಪ್ಪಿಸಿ ಪ್ರಶ್ನಾವಳಿ ಬರೆಯಲು ಕೂತಿದ್ದರು. ನಾನು ಇನ್ನೂ ಒಂದು ವಾಕ್ಯದಲ್ಲಿ ಸಿಕ್ಕಿಹಾಕಿಕೊಂಡಿದ್ದೆ. ಇವರಿಗೆ ನನ್ನ ಮೇಲೆ ಏನೋ ಇದೆ ಎಂಬ ಅನುಮಾನ ನನಗೆ ಬಂದಿದ್ದು ಆಗಲೇ.

ಒಂದು ಶನಿವಾರ ಬೆಳಿಗ್ಗೆ ಫೋನ್ ಮಾಡಿ, "ಹೊಸನಗರದ ಬಸ್ಸಿಗೆ ಬಾ," ಅಂದರು. ನಮ್ಮ ಆಸ್ಪತ್ರೆಯಿಂದ ಕೆಲವು ದಿನಗಳ ಹಿಂದೆ ಬಿಡುಗಡೆಯಾಗಿದ್ದ ಒಬ್ಬ ಅಜ್ಜನ ಮನೆಗೆ ಹೋಗಬೇಕಿತ್ತು. ಲಕ್ವ ಹೊಡೆದು ಒಂದು ಮಗ್ಗುಲು ಬಿದ್ದುಹೋಗಿತ್ತು. ಮನೆಗೆ ಹೋದ ಮೇಲೆ ಹುಣ್ಣಾಗಿದೆ ಎಂದು ಊರಿನ ಆಶಾ ಕಾರ್ಯಕರ್ತೆ ತಿಳಿಸಿದ್ದರು.

ಮನೆ ಹೊಸನಗರ ಪೇಟೆಯಿಂದ ಸ್ವಲ್ಪ ಆಚೆ, ರಸ್ತೆ ಬದಿಗೇ ಇತ್ತು. ಮಗ ಗೂಡ್ಸ್ ಆಟೋ ಓಡಿಸುವವನು. ನಮ್ಮನ್ನು ಕಂಡ ಕೂಡಲೇ ಬಾಗಿಲಿಗೆ ಅಡ್ಡ ನಿಂತ.

"ಎಂತಕ್ಕೆ ಬಂದಿದ್ದು? ನಾವು ಸರಿ ನೋಡ್ಕಳಲ್ಲ ಅಂತ ಬರ್ಕೊಂಡು ಹೋಗಕ್ಕಾ?"

ಮೇಡಂ ಗದ್ದ ಎತ್ತಿ ಅವನನ್ನು ನೋಡಿದರು. "ನೀವು ಸರಿ ನೋಡ್ಕಳ್ತೀರೋ ಇಲ್ವೋ ನಂಗೆ ಗೊತ್ತಿಲ್ಲ. ನೋಡಿ ಹೇಳ್ತೀನಿ. ಒಳಗೆ ಬಿಡ್ತೀಯಾ?"

ಇಷ್ಟು ನೇರವಾಗಿ ಹೇಳಿದ್ದಕ್ಕೋ ಏನೋ, ಅವನು ದಾರಿ ಬಿಟ್ಟ. ಸೊಸೆ ಅಜ್ಜನನ್ನು ಮೆಲ್ಲಗೆ ಮಗ್ಗುಲಾಗಿಸಿ ತೋರಿಸಿದಳು. ಬೆನ್ನಿನ ಕೆಳಗೆ, ಬಾಲಮೂಳೆಯ ಮೇಲೆ ಅಂಗೈ ಅಗಲದ ಹುಣ್ಣು. ಸುತ್ತಲಿನ ಚರ್ಮ ಮಾತ್ರ ಒಣಗಿ ಸ್ವಚ್ಛವಾಗಿತ್ತು. ಹಾಸಿಗೆಯಲ್ಲಿ ಒಂದು ಸುಕ್ಕಿರಲಿಲ್ಲ. ಮೊಣಕಾಲುಗಳ ನಡುವೆ ಹಳೆಯ ಸೀರೆಯ ಮೆತ್ತೆ ಇತ್ತು.

"ಎಷ್ಟು ಹೊತ್ತಿಗೊಂದ್ಸಲ ತಿರುಗಿಸ್ತೀಯಮ್ಮ?" ಮೇಡಂ ಕೇಳಿದರು.

"ಎರಡೆರಡು ಗಂಟೆಗೆ. ಅಲ್ಲಿ ಸಿಸ್ಟರೇ ಹೇಳ್ಕೊಟ್ಟಿದ್ದು," ಎಂದು ಅವಳು ನನ್ನ ಕಡೆ ನೋಡಿದಳು. ನಿಜ, ನಮ್ಮ ವಾರ್ಡಿನಲ್ಲಿ ಎಲ್ಲರಿಗೂ ಹೇಳಿಕೊಡುತ್ತಿದ್ದೆವು.

ಮೇಡಂ ಅವಳನ್ನೂ ನಂಬಲಿಲ್ಲ. ಚಹಾ ಬೇಡ ಬೇಡ ಎನ್ನುತ್ತಲೇ ಒಪ್ಪಿಕೊಂಡು, ಅದು ಇದು ಮಾತಾಡುತ್ತ ಅಲ್ಲೇ ಕೂತರು. ಅವರು ಯಾಕೆ ಏಳುತ್ತಿಲ್ಲ ಎಂದು ನನಗೆ ತಡವಾಗಿ ಹೊಳೆಯಿತು. ಎರಡು ಗಂಟೆ ತುಂಬುತ್ತಲೇ ಸೊಸೆ ಯಾರೂ ಹೇಳದೆ ಎದ್ದು ಹೋಗಿ ಅಜ್ಜನನ್ನು ಇನ್ನೊಂದು ಮಗ್ಗುಲಿಗೆ ತಿರುಗಿಸಿದಳು. ಅದನ್ನು ನೋಡಿದ ಮೇಲೇ ಮೇಡಂ ಕೊನೆಯ ಪ್ರಶ್ನೆ ಕೇಳಿದ್ದು.

"ಹುಣ್ಣು ಮೊದ್ಲು ಕಂಡಿದ್ದು ಯಾವತ್ತು?"

"ಕರ್ಕೊಂಡು ಬಂದ ಮಾರನೇ ದಿನವೇ. ಮೈ ಒರೆಸಕ್ಕೆ ತಿರುಗಿಸಿದಾಗ ಕಪ್ಪಗೆ ಕಂದಿತ್ತು," ಅಂದಳು ಸೊಸೆ.

"ಅವತ್ತು ಗಾಡಿ ಸಿಗದೆ ಬರೋದು ಸಂಜೆ ಆಗೋಗಿತ್ತು," ಎಂದು ಮಗ ಸೇರಿಸಿದ. ಆ ಮಾತನ್ನು ನಾವಿಬ್ಬರೂ ಕೇಳಿಸಿಕೊಂಡೆವು. ಇಬ್ಬರೂ ಅದಕ್ಕೆ ಗಮನ ಕೊಡಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಮೇಡಂ ಕಿಟಕಿ ಪಕ್ಕ ಕೂತರು. ಆಮೇಲೆ ನನ್ನ ಕಡೆ ತಿರುಗದೆಯೇ ಕೇಳಿದರು. "ಮನೆಯವರಿಗೆ ಜ್ಞಾನ ಇಲ್ಲ ಅಂತ ಬರ್ದಿದ್ಯಲ್ಲ, ಆ ವಾಕ್ಯ ಯಾರನ್ನ ಕಾಪಾಡ್ತದೆ?"

ನನಗೆ ಅರ್ಥವಾಗಲಿಲ್ಲ.

"ಸಮಸ್ಯೆ ಇಂಥಾದ್ದು ಅಂತ ಬರೆಯುವಾಗ ಯಾರನ್ನೋ ಬೆಳಕಿಗೆ ನಿಲ್ಲಿಸ್ತೀಯ. ಇನ್ಯಾರನ್ನೋ ನೆರಳಲ್ಲಿ ಕೂರಿಸ್ತೀಯ. ಬರೆದಾದ ಮೇಲೆ ನೆರಳಲ್ಲಿ ಯಾರು ಕೂತಿದ್ದಾರೆ ಅಂತ ನೋಡು."

ನೆರಳಿನಲ್ಲಿ ಕೂತಿದ್ದು ನಮ್ಮ ವಾರ್ಡು. ಅದು ಹೊಳೆದ ಕೂಡಲೇ ನನಗೆ ಭಯವಾಯಿತು. ಓದು ಮುಗಿಸಿ ನಾನು ಕೆಲಸಕ್ಕೆ ಹೋಗಬೇಕಾಗಿದ್ದು ಅಲ್ಲಿಗೇ.

ಸುದ್ದಿ ನನಗಿಂತ ಮುಂಚೆ ಆಸ್ಪತ್ರೆ ತಲುಪಿತ್ತು. ನಾವು ಹೊಸನಗರಕ್ಕೆ ಹೋಗಿ ಬಂದಿದ್ದನ್ನು ಯಾರೋ ಹೇಳಿದ್ದರು. ನರ್ಸಿಂಗ್ ಸೂಪರಿಂಟೆಂಡೆಂಟ್ ಅವರನ್ನು ನಾವೆಲ್ಲ 'ದೊಡ್ಡ ಸಿಸ್ಟರ್' ಅನ್ನುತ್ತಿದ್ದೆವು. ಅವರು ನನ್ನನ್ನು ಕರೆಸಿ, ಬಾಗಿಲು ಹಾಕಿಸಿದರು.

"ನಮ್ಮ ವಾರ್ಡಿನ ಮೇಲೆ ಕಣ್ಣು ಹಾಕಿದ್ದೀಯಂತೆ?"

"ಹಾಗೇನಿಲ್ಲ ಸಿಸ್ಟರ್. ಇನ್ನೂ ವಿಷಯವೇ ಒಪ್ಪಿಗೆ ಆಗಿಲ್ಲ."

"ನಿನ್ನ ಗೈಡ್ ಯಾರು ಅಂತ ಗೊತ್ತಾ ನಿಂಗೆ?" ಎಂದು ಅವರು ದನಿ ಇಳಿಸಿದರು. "ಅವಳ ಅಮ್ಮ ಇಲ್ಲೇ ಅಡ್ಮಿಟ್ ಆಗಿದ್ರು. ಸೊಂಟದ ಮೂಳೆ ಮುರಿದಿತ್ತು. ನಮ್ಮಲ್ಲಿಂದ ಹೋಗುವಾಗ ಚೆನ್ನಾಗೇ ಇದ್ರು. ಮನೇಲಿ ಹುಣ್ಣಾಗಿ, ನಂಜೇರಿ ತೀರ್ಕೊಂಡ್ರು. ಅವತ್ತಿಂದ ನಾನೇ ಕೊಂದೆ ಅನ್ನೋ ಹಂಗೆ ನೋಡ್ತಾಳೆ ನನ್ನ. ಈಗ ನಿನ್ನ ಕೈಲಿ ಬರೆಸ್ತಾ ಇದ್ದಾಳೆ. ಕೆಲಸ ಹೋಗೋದು ನಿಂದು, ಅವಳದಲ್ಲ."

ಮನೆಗೆ ನಡೆದುಕೊಂಡು ಹೋಗುವಾಗ ಎಲ್ಲವೂ ಒಂದಕ್ಕೊಂದು ಕೂಡಿಕೊಂಡಂತೆ ಕಂಡಿತು. ನನ್ನ ವಾಕ್ಯಗಳನ್ನು ಮತ್ತೆ ಮತ್ತೆ ತಿರಸ್ಕರಿಸಿದ್ದು, ತಾವಾಗಿಯೇ ಹೊಸನಗರಕ್ಕೆ ಕರೆದುಕೊಂಡು ಹೋಗಿದ್ದು, ಬಸ್ಸಿನ ಆ ಪ್ರಶ್ನೆ. ಅಷ್ಟೂ ಒಂದು ಹಳೆಯ ಸೇಡಿಗಾಗಿ. ನನಗೆ ಮೈಯೆಲ್ಲ ಉರಿಯಿತು. ಗೈಡ್ ಬದಲಾಯಿಸಿಕೊಡಿ ಎಂದು ಪ್ರಾಂಶುಪಾಲರಿಗೆ ಅರ್ಜಿ ಕೊಡಲು ತೀರ್ಮಾನಿಸಿದೆ. ಅದಕ್ಕೂ ಮುಂಚೆ ಒಮ್ಮೆ ಮುಖಕ್ಕೆ ಮುಖ ಕೊಟ್ಟು ಕೇಳಿಬಿಡಬೇಕು ಅನ್ನಿಸಿತು.

ಮರುದಿನ ಸ್ಟಾಫ್ ರೂಮಿನಲ್ಲಿ ಅವರೊಬ್ಬರೇ ಇದ್ದರು. ನಾನು ನಿಂತೇ ಕೇಳಿದೆ. "ಮೇಡಂ, ನಿಮ್ಮ ಅಮ್ಮನ ವಿಷಯಕ್ಕೆ ನನ್ನನ್ನ ಬಳಸ್ಕೊಳ್ತಾ ಇದ್ದೀರಾ?"

ಅವರು ಕೆಂಪು ಪೆನ್ನಿನ ಮುಚ್ಚಳ ಹಾಕಿ ಪಕ್ಕಕ್ಕಿಟ್ಟರು. ಕೋಪ ಬರಲಿಲ್ಲ. ನನ್ನನ್ನು ಮೊದಲ ಸಲ ನೋಡುತ್ತಿರುವ ಹಾಗೆ ಗದ್ದ ಎತ್ತಿದರು.

"ಇರಬಹುದು," ಅಂದರು. "ಆ ವಾರ್ಡಿನ ಮೇಲೆ ನಂಗೆ ಸಿಟ್ಟಿದೆ. ಇಲ್ಲ ಅಂದ್ರೆ ಸುಳ್ಳಾಗ್ತದೆ. ಹಂಗಾಗಿ ನನ್ನನ್ನೂ ನಂಬಬೇಡ. ಹುಣ್ಣು ವಾರ್ಡಲ್ಲೇ ಆಗ್ತದೆ ಅಂತ ಬರಿ ಅಂದ್ನಾ ನಾನು?"

"ಇಲ್ಲ."

"ಹಂಗೆ ಬರೆದ್ರೆ ನಾನೇ ಹರಿದು ಹಾಕ್ತೀನಿ. ನನ್ನ ಅನುಮಾನ ಸುಳ್ಳಾಗಕ್ಕೂ ಅದರಲ್ಲಿ ಜಾಗ ಇರ್ಬೇಕು, ವಾರ್ಡಿನೋರ ಅನುಮಾನ ಸುಳ್ಳಾಗಕ್ಕೂ ಜಾಗ ಇರ್ಬೇಕು. ಕೂತ್ಕೋ. ಹೇಳು ನೋಡಣ, ನಿಂಗೆ ಗೊತ್ತಿಲ್ದೇ ಇರೋದು ಎಂತದು?"

ಕೂತೆ. ಅಷ್ಟು ದಿನ ನನಗೆ ಗೊತ್ತಿರುವುದನ್ನೇ ಬರೆಯಲು ಹೆಣಗುತ್ತಿದ್ದೆ. ಗೊತ್ತಿಲ್ಲದ್ದು ಏನು ಎಂದು ಯಾರೂ ಕೇಳಿರಲಿಲ್ಲ. ಈಗ ಹೇಳಿದೆ. "ಹುಣ್ಣು ಮೊದಲು ಎಲ್ಲಿ ಶುರುವಾಗುತ್ತೆ ಅನ್ನೋದು ಗೊತ್ತಿಲ್ಲ ಮೇಡಂ."

"ಯಾರ ಹುಣ್ಣು?"

"ಹಾಸಿಗೆ ಹಿಡಿದ ರೋಗಿಯದು."

"ಯಾವಾಗಿಂದ ಯಾವಾಗಿನ ತನಕ?"

"ಆಸ್ಪತ್ರೆ ಸೇರಿದ ದಿನದಿಂದ ಮನೆಗೆ ಹೋಗಿ ಒಂದು ವಾರ ಆಗುವ ತನಕ."

"ಹೆಂಗೆ ತಿಳೀತೀಯ?"

"ಬೆನ್ನು ನೋಡಿ. ಸೇರಿದಾಗ, ಬಿಡುಗಡೆಯ ದಿನ ಬೆಳಿಗ್ಗೆ, ಆಮೇಲೆ ಮನೆಯಲ್ಲಿ."

"ಬರ್ಕೋ," ಎಂದು ಪೆನ್ನನ್ನು ನನ್ನ ಕಡೆ ತಳ್ಳಿದರು. ಎರಡು ಸಾಲು ಆಯಿತು. ಜ್ಞಾನ, ಕೊರತೆ, ಪರಿಣಾಮ ಯಾವುದೂ ಇರಲಿಲ್ಲ. ಅದನ್ನು ನನ್ನ ಅಮ್ಮನಿಗೆ ಓದಿ ಹೇಳಿದ್ದರೂ ಅರ್ಥವಾಗುತ್ತಿತ್ತು.

ಆ ಎರಡು ಸಾಲು ಹಿಡಿದು ದೊಡ್ಡ ಸಿಸ್ಟರ್ ಹತ್ತಿರ ಅನುಮತಿಗೆ ಹೋದೆ. ಅವರು ಕನ್ನಡಕ ಹಾಕಿಕೊಂಡು ಮತ್ತೆ ಮತ್ತೆ ಓದಿದರು. ಎಲ್ಲೋ ಒಂದು ಕೊಕ್ಕೆ ಇರಬೇಕು ಎಂದು ಹುಡುಕುತ್ತಿದ್ದರು.

"ಇದರಲ್ಲಿ ನಮ್ಮ ತಪ್ಪು ಅಂತ ಎಲ್ಲೂ ಇಲ್ಲ?"

"ಇಲ್ಲ ಸಿಸ್ಟರ್. ಮನೆಯವರ ತಪ್ಪು ಅಂತಲೂ ಇಲ್ಲ."

"ಅವಳು ಒಪ್ಪಿದ್ಲಾ ಇದಕ್ಕೆ?"

"ಅವರೇ ಕೂತು ಬರೆಸಿದ್ದು."

ಅವರಿಗೆ ನಂಬಿಕೆ ಬರಲಿಲ್ಲ. ಆದರೂ ಬೇಡ ಅನ್ನಲು ಕಾರಣ ಸಿಗದೆ ಸಹಿ ಮಾಡಿದರು. ಕಾಲೇಜಿನ ಸಂಶೋಧನಾ ಕಮಿಟಿಯೂ ಒಪ್ಪಿತು.

ಆಮೇಲಿನ ತಿಂಗಳುಗಳು ನನಗೆ ಬಸ್ಸು, ಜೀಪು ಮತ್ತು ಬೆನ್ನುಗಳ ನೆನಪಾಗಿಯೇ ಉಳಿದಿವೆ. ವಾರ್ಡಿನಲ್ಲಿ ನನ್ನ ಹಳೆಯ ಗೆಳತಿಯರು ನಾನು ಬಂದ ಕೂಡಲೇ ಮಾತು ನಿಲ್ಲಿಸುತ್ತಿದ್ದರು. ಮನೆಗಳಿಗೆ ಹೋದರೆ ಅಲ್ಲಿಯವರು ನಾನು ತಪ್ಪು ಹುಡುಕಲು ಬಂದವಳೆಂದು ಮುಖ ಗಂಟಿಕ್ಕುತ್ತಿದ್ದರು. ಮಂಡಗದ್ದೆ ಹತ್ತಿರದ ಒಂದು ಮನೆಯಲ್ಲಂತೂ ರೋಗಿಯ ತಂಗಿ ನನ್ನ ಫೋಟೋ ತೆಗೆದುಕೊಂಡೇ ಒಳಗೆ ಬಿಟ್ಟಿದ್ದು. ನನ್ನ ಮೇಲೆ ಮೇಡಂಗೂ ನಂಬಿಕೆ ಇರಲಿಲ್ಲ. ನಾನು ಹೋಗಿದ್ದೇನೆಂದು ಹೇಳಿದ ಮನೆಗೆ ಅವರು ತಾವೇ ಫೋನ್ ಮಾಡಿ, "ಬಂದಿದ್ಲಾ? ಬೆನ್ನು ನೋಡಿದ್ಲಾ, ಬರೀ ಮಾತಾಡಿ ಹೋದ್ಲಾ?" ಎಂದು ವಿಚಾರಿಸುತ್ತಿದ್ದರು. ಗೊತ್ತಾದಾಗ ಅಳು ಬಂದಿತ್ತು.

ಉತ್ತರ ಸಿಕ್ಕಿದ್ದು ಸಿಗಂದೂರು ಕಡೆಯ ಒಬ್ಬ ಅಜ್ಜಿಯಿಂದ. ಬಿಡುಗಡೆಯ ದಿನ ಬೆಳಿಗ್ಗೆ ಅವರ ಬೆನ್ನನ್ನು ನಾನೇ ನೋಡಿದ್ದೆ. ಒಂದು ಕೆಂಪು ಚುಕ್ಕೆಯೂ ಇರಲಿಲ್ಲ. ಇನ್ನೊಬ್ಬ ರೋಗಿ ಹಾಸಿಗೆಗೆ ಕಾಯುತ್ತಿದ್ದರು. ಹಾಗಾಗಿ ಕಾಗದಪತ್ರ ಕೊಟ್ಟ ಕೂಡಲೇ ಅಜ್ಜಿಯನ್ನು ಸ್ಟ್ರೆಚರಿಗೆ ಮಲಗಿಸಿ ಕಾರಿಡಾರಿನ ಗೋಡೆ ಬದಿಗೆ ನಿಲ್ಲಿಸಿದರು. ಆಗಿನ್ನೂ ಹಿನ್ನೀರಿಗೆ ಸೇತುವೆ ಆಗಿರಲಿಲ್ಲ. ಮನೆಯವರು ಗಾಡಿ ತರಬೇಕೆಂದರೆ ಲಾಂಚಿನಲ್ಲಿ ನೀರು ದಾಟಿಕೊಂಡೇ ಬರಬೇಕು. ನಾನು ಬೇರೆ ರೋಗಿಯನ್ನು ನೋಡಿಕೊಂಡು, ಊಟ ಮುಗಿಸಿ ಹೊರಡುವಾಗಲೂ ಅಜ್ಜಿ ಅಲ್ಲೇ, ಅದೇ ಭಂಗಿಯಲ್ಲಿ ಅಂಗಾತ ಮಲಗಿದ್ದರು. ಸ್ಟ್ರೆಚರಿನ ಮೇಲೆ ತೆಳ್ಳನೆಯ ರೆಕ್ಸಿನ್ ಬಿಟ್ಟರೆ ಏನೂ ಇರಲಿಲ್ಲ. ಪಕ್ಕದಲ್ಲಿ ಕೂತಿದ್ದ ಮೊಮ್ಮಗಳನ್ನು, "ಅಜ್ಜಿಯನ್ನ ತಿರುಗಿಸಿದ್ರಾ?" ಎಂದು ಕೇಳಿದೆ.

"ಮನೆಗೆ ಹೋದ ಮೇಲೆ ತಿರುಗಿಸಿ ಅಂದಿದ್ರಲ್ವಾ? ಇಲ್ಲಿ ನಾವು ಮುಟ್ಟಬಹುದಾ?" ಅಂದಳು.

ವಾರ್ಡಿನ ಸಿಸ್ಟರನ್ನು ಕೇಳಿದೆ. "ಅವರು ಡಿಸ್‌ಚಾರ್ಜ್ ಆಗಿದ್ದಾರಲ್ಲ," ಅಂದರು.

ನಾನೇ ಅಜ್ಜಿಯನ್ನು ಮಗ್ಗುಲಾಗಿಸಿದೆ. ಅಷ್ಟು ಹೊತ್ತಿಗೆ ಬಾಲಮೂಳೆಯ ಮೇಲಿನ ಚರ್ಮ ಬಿಸಿಯಾಗಿ ಗಟ್ಟಿಯಾಗಿತ್ತು. ಎರಡು ದಿನ ಬಿಟ್ಟು ಅವರ ಮನೆಗೆ ಹೋದಾಗ ಅದು ನೇರಳೆ ಬಣ್ಣಕ್ಕೆ ತಿರುಗಿತ್ತು. ಹುಣ್ಣು ವಾರ್ಡಿನದೂ ಆಗಿರಲಿಲ್ಲ, ಮನೆಯದೂ ಆಗಿರಲಿಲ್ಲ. ಎರಡರ ನಡುವೆ, ಯಾರಿಗೂ ಸೇರದ ಆ ಹೊತ್ತಿನಲ್ಲಿ ಆಗಿತ್ತು. ಹೊಸನಗರದ ಮಗ, ಗಾಡಿ ಸಿಗದೆ ಸಂಜೆಯಾಯಿತು ಅಂದಿದ್ದು ಆಗ ನೆನಪಾಯಿತು. ಹಿಂದಕ್ಕೆ ಹೋಗಿ ಪ್ರತಿಯೊಂದು ಮನೆಯವರನ್ನೂ ವಿಚಾರಿಸಿದೆ. ಬೇಗ ಗಾಡಿ ಸಿಕ್ಕವರು ಹೆಚ್ಚಾಗಿ ಚೆನ್ನಾಗಿದ್ದರು. ಹೊಸದಾಗಿ ಹುಣ್ಣಾದವರಲ್ಲಿ ಹೆಚ್ಚಿನವರು ಕಾರಿಡಾರಿನಲ್ಲಿ ಕಾದವರು.

ಮೇಡಂ ಮನೆಗೆ ಓಡಿಹೋಗಿ ಒಂದೇ ಉಸಿರಿಗೆ ಹೇಳಿದೆ. ಖುಷಿಪಡುತ್ತಾರೆ ಅಂದುಕೊಂಡಿದ್ದೆ. ಅವರು ಸೋಸುತ್ತಿದ್ದ ಚಹಾದ ಪಾತ್ರೆಯನ್ನು ಕಟ್ಟೆಯ ಮೇಲೆ ಇಟ್ಟು, ಹಾಗೆಯೇ ನಿಂತರು.

"ಸ್ಟ್ರೆಚರಲ್ಲಾ?"

"ಹೌದು ಮೇಡಂ. ಗಾಡಿಗೆ ಕಾಯುವಾಗ."

ನನಗೆ ಹೇಳಿದಂತೆಯೂ ಅಲ್ಲದೆ, "ಅವತ್ತು ನಂಗೆ ಪರೀಕ್ಷೆ ಡ್ಯೂಟಿ ಇತ್ತು," ಅಂದರು. "ಬೆಳಿಗ್ಗೆಯೇ ಬಿಡ್ತೀವಿ ಅಂದಿದ್ರು ಅಮ್ಮನ್ನ. ನಾನು ಡ್ಯೂಟಿ ಮುಗಿಸ್ಕೊಂಡು ಗಾಡಿ ತಗೊಂಡು ಹೋಗುವಾಗ ಬಿಸಿಲು ಇಳಿದಿತ್ತು. ಅಮ್ಮ ಅಲ್ಲೇ, ಕಾರಿಡಾರಲ್ಲೇ ಇದ್ರು."

"ನಿಮ್ಮ ಅಮ್ಮಂಗೂ ಹಾಗೇ ಆಯ್ತು ಅಂತ ಹೇಳಕ್ಕಾಗಲ್ಲ ಮೇಡಂ. ಯಾರೂ ನೋಡಿಲ್ವಲ್ಲ," ಅಂದೆ.

"ಹೇಳಕ್ಕಾಗಲ್ಲ," ಎಂದು ಒಪ್ಪಿಕೊಂಡರು. "ವಾರ್ಡು ಅಂತಲೂ ಹೇಳಕ್ಕಾಗಲ್ಲ ಇನ್ನು." ಚಹಾ ಸೋಸಿ ನನ್ನ ಕೈಗೆ ಕೊಟ್ಟರು. ಸಕ್ಕರೆ ಹಾಕುವುದನ್ನು ಮರೆತಿದ್ದರು. "ನಂಗೆ ಬೇಕಾಗಿದ್ದು ಇದಲ್ಲ. ಅದಕ್ಕೇ ಇದು ಸರಿ ಇರಬಹುದು ಅನ್ನಿಸ್ತದೆ. ಇನ್ನೊಂದ್ಸಲ ಎಲ್ಲ ಮನೆಗೂ ಹೋಗಿ ಬಾ. ಆಮೇಲೆ ಹಿಂಗೇ ಬರಿ, ಒಂದಕ್ಷರ ಮೆತ್ತಗೆ ಮಾಡಬೇಡ."

ಹಾಗೇ ಬರೆದೆ. ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಪ್ರಬಂಧದ ಉಳಿದ ಭಾಗ ಬಿಟ್ಟು ಆ ಎರಡು ಸಾಲಿನ ಬಗ್ಗೆಯೇ ಮಾತಾಡಿದರು. ಆಸ್ಪತ್ರೆಯಲ್ಲಿ ವರದಿ ಓದಿದ ದಿನ ಮೇಡಂ ನನ್ನ ಜೊತೆ ಬಂದಿದ್ದರು, ಎಷ್ಟೋ ವರ್ಷಗಳ ನಂತರ ಅಲ್ಲಿಗೆ ಕಾಲಿಟ್ಟಿದ್ದು. ಅವರೂ ದೊಡ್ಡ ಸಿಸ್ಟರೂ ಒಬ್ಬರನ್ನೊಬ್ಬರು ತಬ್ಬಿಕೊಳ್ಳಲಿಲ್ಲ, ಕ್ಷಮೆ ಕೇಳಲಿಲ್ಲ. ಕೇಳಿ ಮುಗಿದ ಮೇಲೆ ದೊಡ್ಡ ಸಿಸ್ಟರ್ ಎದ್ದು, "ಗಾಡಿ ಬಾಗಿಲಿಗೆ ಬರೋ ತನಕ ರೋಗಿ ಹಾಸಿಗೆ ಬಿಟ್ಟು ಇಳಿಯೋ ಹಂಗಿಲ್ಲ, ನಾಳೆಯಿಂದಲೇ," ಅಂದರು. ಮೇಡಂ, "ನಾಡಿದ್ದು ಬಂದು ನೋಡ್ತೀನಿ," ಅಂದರು. ನೋಡಲು ಬಂದೂ ಬಂದರು. ನನ್ನ ಕೆಲಸ ಉಳಿಯಿತು.

ನಿವೃತ್ತಿಯಾದ ಮೇಲೆ ಮೇಡಂ ಮೇಳಿಗೆಗೆ ಹೋದರು. ಅವರ ತಮ್ಮ ಆಗಲೇ ತೀರಿಕೊಂಡಿದ್ದರು. ತಮ್ಮನ ಹೆಂಡತಿ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ರವಿಕೆ ಹೊಲಿದುಕೊಂಡಿದ್ದರು. ಇಬ್ಬರು ಹೆಂಗಸರ ಸಂಸಾರ. ಕೆಲವು ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ಮೇಡಂಗೆ ಸಣ್ಣದಾಗಿ ಲಕ್ವ ಹೊಡೆಯಿತು. ಚೇತರಿಸಿಕೊಂಡರೂ ಮರೆವು ಶುರುವಾಯಿತು. ಒಂದು ದಿನ ತಮ್ಮನ ಹೆಂಡತಿ ನನಗೆ ಫೋನ್ ಮಾಡಿ ಅತ್ತರು.

"ಅಕ್ಕನ ತಲೆ ಕೆಟ್ಟೋಗಿದೆ ಕಣಮ್ಮ. ನಾನು ಊಟದಲ್ಲಿ ಎಂತದೋ ಹಾಕಿ ಕೊಡ್ತೀನಂತೆ. ಬಂದೋರಿಗೆಲ್ಲ ಅದನ್ನೇ ಹೇಳ್ತಾರೆ. ಅಕ್ಕಪಕ್ಕದೋರು ನನ್ನ ಮುಖ ನೋಡೋ ರೀತಿಯೇ ಬೇರೆ ಆಗಿದೆ."

ಮರೆವಿನ ಕಾಯಿಲೆಯಲ್ಲಿ ಇಂಥ ಸಂಶಯ ಬರುತ್ತದೆ ಎಂದು ನನಗೂ ಗೊತ್ತಿತ್ತು. ಡಾಕ್ಟರೂ ಅದನ್ನೇ ಹೇಳಿದ್ದರಂತೆ. ತಮ್ಮನ ಹೆಂಡತಿಯನ್ನು ಸಮಾಧಾನ ಮಾಡಿ ಬರೋಣವೆಂದು ಮೇಳಿಗೆಗೆ ಹೋದೆ. ಮೇಡಂ ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ಕೂತಿದ್ದರು. ಮೈ ಬಹಳ ಇಳಿದಿತ್ತು. ನನ್ನ ಗುರುತು ಸಿಕ್ಕಿತೋ ಇಲ್ಲವೋ, ಕೈ ಹಿಡಿದು ಹತ್ತಿರ ಎಳೆದುಕೊಂಡರು.

"ಇವಳು ಗಂಜಿಗೆ ಎಂತದೋ ಹಾಕ್ತಾಳೆ."

'ಹಾಗೆಲ್ಲ ಇಲ್ಲ ಮೇಡಂ' ಎಂಬ ಮಾತು ನನ್ನ ಬಾಯಿಗೆ ಬಂದಿತ್ತು. ಅದನ್ನು ಅಲ್ಲಿಗೇ ನಿಲ್ಲಿಸಿ ಕೇಳಿದೆ. "ಯಾವಾಗ ಮೇಡಂ? ಯಾವಾಗಲೂನಾ?"

"ಬೆಳಿಗ್ಗೆ. ರಾತ್ರಿ. ಮಧ್ಯಾಹ್ನ ಇಲ್ಲ."

"ಹೇಗೆ ಗೊತ್ತಾಗುತ್ತೆ?"

"ಕಹಿ."

ತಲೆ ಕೆಟ್ಟವರು ಮಧ್ಯಾಹ್ನವನ್ನು ಯಾಕೆ ಬಿಟ್ಟಾರು ಅನ್ನಿಸಿತು. ಆ ರಾತ್ರಿ ಅಲ್ಲೇ ಉಳಿದೆ. ಅವರಿಗೆಂದು ಬಟ್ಟಲಿಗೆ ಹಾಕಿದ್ದ ಗಂಜಿಯಿಂದ ಒಂದು ಚಮಚ ತೆಗೆದು ಬಾಯಿಗಿಟ್ಟೆ. ಕಹಿಯಾಗಿತ್ತು. ತಮ್ಮನ ಹೆಂಡತಿಯ ಮುಖ ನೋಡಿದೆ. ಆಕೆ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಹೋದರು. ಹಿಂದೆಯೇ ಹೋದೆ. ಏಲಕ್ಕಿ ಕುಟ್ಟುವ ಪುಟ್ಟ ಕುಟ್ಟಾಣಿಯ ತಳದಲ್ಲಿ ಬಿಳಿಯ ಪುಡಿ ಅಂಟಿತ್ತು.

"ಮಾತ್ರೆ," ಎಂದು ಬಿಕ್ಕಿದರು. "ಬಿಪಿದು, ರಕ್ತ ತೆಳ್ಳಗಾಗೋದು. ಕೈಗೆ ಕೊಟ್ರೆ ಎಸೀತಾರೆ, ಬಾಯಿಗೆ ಹಾಕಿದ್ರೆ ಉಗೀತಾರೆ. ಬಿಟ್ರೆ ಇನ್ನೊಂದ್ಸಲ ಹೊಡೀತದೆ ಅಂದ್ರು ಡಾಕ್ಟ್ರು. ನಾನು ಎಂತ ಮಾಡ್ಲಿ ಹೇಳಿ?"

ಊಟದಲ್ಲಿ ಏನೋ ಹಾಕುತ್ತಾಳೆ ಎಂದು ಮೇಡಂ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಅವರ ಮಾತು ನಂಬದಿದ್ದವರು ನಾವು.

ಈ ಹೆಂಗಸಿನ ಪ್ರೀತಿಯ ಬಗ್ಗೆ ನನಗೆ ಸಂಶಯ ಉಳಿಯಲಿಲ್ಲ. ಮಾತ್ರೆ ಯಾಕೆ ಬೇಡ ಎಂದು ಮೇಡಂ ಅವರನ್ನೇ ಕೇಳಬೇಕು, ಇಷ್ಟು ದಿನ ಯಾರೂ ಕೇಳಿಲ್ಲ ಎಂದು ಹೊಳೆಯಿತು. ಬೆಳಿಗ್ಗೆ ಕೇಳಿದೆ. ಅವರಿಗೆ ಬಂದ ಸಿಟ್ಟಿಗೆ ಅರ್ಧ ಇಳಿದ ರೆಪ್ಪೆಯೂ ಮೇಲೆದ್ದಂತೆ ಕಂಡಿತು.

"ಅಂಗೈ ಮೇಲೆ ಬಿಡಿಯಾಗಿ ಇಟ್ಟು ಕೊಡ್ತಾಳೆ. ಹೆಸರಿಲ್ಲ, ತಾರೀಖಿಲ್ಲ. ಸ್ಟ್ರಿಪ್ ನೋಡದೆ ಮಾತ್ರೆ ಯಾರಾದ್ರೂ ತಿಂತಾರಾ?"

ತಿನ್ನುವುದಿಲ್ಲ. ಜೀವಮಾನವಿಡೀ ನರ್ಸಿಂಗ್ ಕಲಿಸಿದವರು ತಿನ್ನುವುದಿಲ್ಲ. ನಾನು ಮಾತ್ರೆಯ ಸ್ಟ್ರಿಪ್ಪುಗಳನ್ನು ತಂದು ಅವರ ಮಡಿಲಲ್ಲಿಟ್ಟೆ. ಬೆಳಕಿಗೆ ಹಿಡಿದು, ಅಕ್ಷರಕ್ಕೆ ಅಕ್ಷರ ಕೂಡಿಸಿ ಹೆಸರು ಓದಿದರು, ತಾರೀಖು ಓದಿದರು, ತಾವೇ ಒತ್ತಿ ಮಾತ್ರೆ ತೆಗೆದರು, ನುಂಗಿದರು. ತಮ್ಮನ ಹೆಂಡತಿ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದರು. ಪುಡಿ ಮಾಡಿ ಬೆರೆಸುತ್ತಿದ್ದ ವಿಷಯವನ್ನು ಅವರಿಂದಲೇ ಮೇಡಂಗೆ ಹೇಳಿಸಿದೆ. ಮೇಡಂ ಕೇಳಿಕೊಂಡರು. ಕ್ಷಮಿಸಿದೆ ಎಂದೇನೂ ಹೇಳಲಿಲ್ಲ.

"ಇನ್ಮೇಲೆ ಮೊದಲ ಚಮಚ ನೀನು ತಿನ್ನು," ಅಂದರು. "ಆಮೇಲೆ ನಾನು ತಿಂತೀನಿ."

ಅದು ಆ ಮನೆಯ ಕ್ರಮವೇ ಆಗಿಹೋಯಿತು. ಮೊದಲು ಒಂದು ಚಮಚ ತಮ್ಮನ ಹೆಂಡತಿ, ಆಮೇಲೆ ಒಂದು ಚಮಚ ಮೇಡಂ. ಮರೆವು ಹೆಚ್ಚಿದಂತೆ ಮೊದಲ ಚಮಚ ಆಗಿದೆಯೋ ಇಲ್ಲವೋ ಎಂಬುದು ಮೇಡಂಗೆ ಮರೆತುಹೋಗಿ, ಪ್ರತಿ ತುತ್ತಿಗೂ "ನೀನು ತಿನ್ನು" ಅನ್ನತೊಡಗಿದರು. ಹಾಗಾಗಿ ಕೊನೆಯ ತಿಂಗಳುಗಳಲ್ಲಿ ಇಬ್ಬರೂ ಒಂದೇ ಬಟ್ಟಲಿನಿಂದ ಸರದಿಯ ಮೇಲೆ ಉಂಡರು. ನಾನು ಹೋದಾಗಲೆಲ್ಲ ಅದನ್ನು ನೋಡಿದ್ದೇನೆ. ನನ್ನ ಹೆಸರು ಅವರಿಗೆ ಕೊನೆಗೆ ಪೂರ್ತಿ ಮರೆತುಹೋಗಿತ್ತು. ಆದರೂ, "ಎಂತ ಬರ್ದು ತಂದಿದ್ದೀಯ?" ಎಂದು ಕೇಳುತ್ತಿದ್ದರು.

ಕಳೆದ ಬೇಸಿಗೆಯ ಒಂದು ಬೆಳಿಗ್ಗೆ ನಿದ್ದೆಯಲ್ಲೇ ಹೋದರು. ನಾನು ತಲುಪುವಷ್ಟರಲ್ಲಿ ಮಣ್ಣಾಗಿತ್ತು. ಬಂದ ನೆಂಟರು ಒಬ್ಬೊಬ್ಬರಾಗಿ ಹೊರಟ ಮೇಲೆ ಮನೆಯಲ್ಲಿ ನಾವಿಬ್ಬರೇ ಉಳಿದೆವು. ತಮ್ಮನ ಹೆಂಡತಿ ಬೆಳಗಿನಿಂದ ಏನೂ ತಿಂದಿರಲಿಲ್ಲ. ನಾನೇ ಒತ್ತಾಯ ಮಾಡಿ ಗಂಜಿ ಬಿಸಿ ಮಾಡಿ ಮುಂದಿಟ್ಟೆ. ಆಕೆ ಒಂದು ಚಮಚ ಬಾಯಿಗೆ ಹಾಕಿಕೊಂಡು, ಬಟ್ಟಲು ಎತ್ತಿ ಖಾಲಿ ಕುರ್ಚಿಯ ಕಡೆ ಹಿಡಿದರು. ಆಮೇಲೆ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಹೇಳಿದರು.

"ಎರಡನೇ ಚಮಚ ಗಂಟಲಲ್ಲಿ ಇಳಿಯಲ್ಲ ಕಣಮ್ಮ."

ನಾನು ಒಳಗೆ ಹೋಗಿ ಇನ್ನೊಂದು ಚಮಚ ತಂದು ಅವರ ಪಕ್ಕದಲ್ಲಿ ಕೂತೆ.